ಲಿನಕ್ಸ್ ಡಿಸ್ಟ್ರೋಗಳ ಕವಲುಗಳು: ಡೆಸ್ಕ್‌ಟಾಪ್ ಮತ್ತು ಆಟಗಳು ತೆತ್ತ ಬೆಲೆ

ಲಿನಕ್ಸ್ ಎಂದರೆ ಕರಾರುವಾಕ್ಕಾಗಿ ಒಂದು ಕರ್ನಲ್ ಮಾತ್ರ. ಯಂತ್ರಾಂಶಕ್ಕೂ ತಂತ್ರಾಂಶಕ್ಕೂ ನಡುವೆ ನಿಲ್ಲುವ ಆ ತಿರುಳನ್ನು ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಬರೆಯತೊಡಗಿದರು. ಅದಕ್ಕೆ ಗ್ನೂ ಯೋಜನೆಯ ಸಲಕರಣೆಗಳು, ಸಿ ಲೈಬ್ರರಿ, ಪರದೆಯ ಮೇಲೆ ಚಿತ್ರ ಮೂಡಿಸುವ ವ್ಯವಸ್ಥೆ, ಡೆಸ್ಕ್‌ಟಾಪ್, ತಂತ್ರಾಂಶ ಹಾಕಿ ತೆಗೆಯುವ ಏರ್ಪಾಡು ಎಲ್ಲವನ್ನೂ ಕೂಡಿಸಿ, ಒಂದಕ್ಕೊಂದು ಒಗ್ಗುವಂತೆ ಮಾಡಿ, ಹೆಸರಿಟ್ಟು ಹಂಚಿದರೆ ಅದು ಡಿಸ್ಟ್ರೋ. ಸ್ಲ್ಯಾಕ್‌ವೇರ್ ಮತ್ತು ಡೆಬಿಯನ್ 1993ರಲ್ಲಿ ಹುಟ್ಟಿದವು. ರೆಡ್ ಹ್ಯಾಟ್ ಅವುಗಳ ಬೆನ್ನಿಗೇ ಬಂತು, ಆರ್ಚ್ 2002ರಲ್ಲಿ, ಫೆಡೋರಾ 2003ರಲ್ಲಿ, ಉಬುಂಟು 2004ರಲ್ಲಿ, ಮಿಂಟ್ 2006ರಲ್ಲಿ. ಇವುಗಳ ಲೆಕ್ಕ ಇಡುವ ಡಿಸ್ಟ್ರೋವಾಚ್‌ನ ಪಟ್ಟಿಯಲ್ಲಿ ಇಂದು ಚಾಲ್ತಿಯಲ್ಲಿರುವವೇ ಇನ್ನೂರಕ್ಕೂ ಹೆಚ್ಚು. ಈ ಸಂಖ್ಯೆಯನ್ನು ನೋಡಿ ಬೆರಗಾಗುವವರೂ ಇದ್ದಾರೆ, ಬೇಸರಪಡುವವರೂ ಇದ್ದಾರೆ. ಇಬ್ಬರೂ ತಪ್ಪು ಜಾಗದಲ್ಲಿ ನೋಡುತ್ತಿದ್ದಾರೆಂಬುದು ಈ ಲೇಖನದ ನಿಲುವು. ತೊಂದರೆ ಇರುವುದು ಡಿಸ್ಟ್ರೋಗಳ ಸಂಖ್ಯೆಯಲ್ಲಲ್ಲ. ಹೊರಗಿನವನೊಬ್ಬ ಒಮ್ಮೆ ಕಟ್ಟಿ ಎಲ್ಲ ಡಿಸ್ಟ್ರೋಗಳಲ್ಲೂ ಓಡಿಸಬಹುದಾದ ಸ್ಥಿರವಾದ ಒಂದು ನೆಲಗಟ್ಟನ್ನು ಇವು ತಮ್ಮೊಳಗೆ ಒಪ್ಪಿಕೊಳ್ಳಲಿಲ್ಲ ಎಂಬುದರಲ್ಲಿದೆ. ಆ ಹೊರಗಿನವನು ಆಟ ತಯಾರಿಸುವ ಕಂಪನಿ ಇರಬಹುದು, ಕನ್ನಡಕ್ಕೆ ಅನುವಾದ ಮಾಡುವ ಸ್ವಯಂಸೇವಕ ಇರಬಹುದು.

ಈ ನಿಲುವನ್ನು ಪರೀಕ್ಷಿಸಲು ಉತ್ತರ ಬೆಂಗಳೂರಿನ ತಣಿಸಂದ್ರ ಒಳ್ಳೆಯ ಜಾಗ. ನಾಗವಾರದಿಂದ ಹೊರಡುವ ತಣಿಸಂದ್ರ ಮುಖ್ಯರಸ್ತೆಯ ಒಂದು ಮಗ್ಗುಲಿಗೆ ಮಾನ್ಯತಾ ಟೆಕ್ ಪಾರ್ಕ್ ಇದೆ. ಅದರೊಳಗೆ ಕಚೇರಿ ಇರುವ ಐಬಿಎಂ, 2019ರಲ್ಲಿ ರೆಡ್ ಹ್ಯಾಟನ್ನು ಸುಮಾರು 3,400 ಕೋಟಿ ಡಾಲರಿಗೆ ಕೊಂಡ ಕಂಪನಿ. ಇಂಥ ಕಚೇರಿಗಳಲ್ಲಿ ಕೂತ ಇಂಜಿನಿಯರುಗಳು ದಿನವಿಡೀ ಕೆಲಸ ಮಾಡುವುದು ದೂರದ ಯಾವುದೋ ಸರ್ವರಿನೊಳಗಿನ ಲಿನಕ್ಸಿನ ಮೇಲೆ. ಅವರ ಜೇಬಿನ ಆಂಡ್ರಾಯ್ಡ್ ಫೋನಿನಲ್ಲಿರುವುದೂ ಲಿನಕ್ಸ್ ಕರ್ನಲ್ಲೇ. ಆದರೆ ಸಂಜೆ ಅದೇ ರಸ್ತೆಯ ಅಪಾರ್ಟ್‌ಮೆಂಟಿಗೆ ಮರಳಿ ಆಟಕ್ಕೆ ಕೂತಾಗ ಎದುರಿಗಿರುವುದು ಬಹುಪಾಲು ವಿಂಡೋಸ್. ಸರ್ವರಿಗೂ ಮನೆಯ ಗಣಕಕ್ಕೂ ಸಿಗುವ ಲಿನಕ್ಸ್ ಕರ್ನಲ್ ಒಂದೇ, ಲೈಸೆನ್ಸ್ ಒಂದೇ, ಜಾಣ್ಮೆಗೂ ಕೊರತೆ ಇಲ್ಲ. ಹೀಗಿರುವಾಗ ಸರ್ವರಿನಲ್ಲಿ ಗೆದ್ದದ್ದು ಮನೆಯಲ್ಲಿ ಏಕೆ ಸೋತಿತು?

ಸರ್ವರಿನ ಜಗತ್ತಿನಲ್ಲೂ ಕವಲುಗಳಿದ್ದವು. ಆದರೆ ಅಲ್ಲಿ ಒಗ್ಗಿಸುವ ಖರ್ಚನ್ನು ಭರಿಸುವವರಿದ್ದರು. ಬ್ಯಾಂಕಿಗೋ ವಿಮಾ ಸಂಸ್ಥೆಗೋ ತಂತ್ರಾಂಶ ಮಾರುವವರು ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸಿನ ಇಂಥ ಆವೃತ್ತಿ, ಉಬುಂಟುವಿನ ಇಂಥ ಎಲ್‌ಟಿಎಸ್ (ದೀರ್ಘಾವಧಿ ಬೆಂಬಲದ ಆವೃತ್ತಿ) ಎಂದು ಎರಡು ಮೂರನ್ನು ಹೆಸರಿಸಿ, ಉಳಿದವುಗಳ ಹೊಣೆ ತಮ್ಮದಲ್ಲ ಎಂದರು. ಗಿರಾಕಿಗಳು ಒಪ್ಪಿದರು, ಹತ್ತು ವರ್ಷಗಳ ಬೆಂಬಲಕ್ಕೆ ಹಣ ಕೊಟ್ಟರು. ಹಣ ಕೊಡಲೊಲ್ಲದವರಿಗೆ 2004ರಿಂದ ರೆಡ್ ಹ್ಯಾಟಿನದೇ ಪುಕ್ಕಟೆ ಪಡಿಯಚ್ಚಾದ ಸೆಂಟ್‌ಒಎಸ್ ಇತ್ತು. ಅದರ 8ನೇ ಆವೃತ್ತಿಯನ್ನು 2021ರ ಕೊನೆಗೇ ನಿಲ್ಲಿಸುವುದಾಗಿ 2020ರ ಡಿಸೆಂಬರಿನಲ್ಲಿ ಘೋಷಣೆಯಾದಾಗ ಗದ್ದಲವೆದ್ದಿತು. ಮರುವರ್ಷವೇ ಆಲ್ಮಾಲಿನಕ್ಸ್, ರಾಕಿ ಲಿನಕ್ಸ್ ಎಂಬ ಎರಡು ಹೊಸ ಕವಲು ಒಡೆದವು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆ ಎರಡೂ ಹೊಸ ಡಿಸ್ಟ್ರೋಗಳು ಮೊದಲಿಗೆ ಕೊಟ್ಟ ಮಾತು ತಾವು ಎಷ್ಟು ಬೇರೆ ಎಂಬುದಲ್ಲ, ರೆಡ್ ಹ್ಯಾಟಿನ ಮೇಲೆ ಓಡುವುದೆಲ್ಲ ತಮ್ಮಲ್ಲೂ ಹಾಗೇ ಓಡುತ್ತದೆ ಎಂಬುದು. ಮನೆ ಬೇರೆಯಾದರೂ ನೆಲಗಟ್ಟು ಒಂದೇ ಉಳಿಯಿತು. ಡೆಸ್ಕ್‌ಟಾಪಿನ ಕಥೆ ಇದಕ್ಕೆ ನೇರ ತಿರುಗುಮುರುಗು.

ಆ ಕಥೆಯ ಒಂದು ಅಧ್ಯಾಯ ಬೆಂಗಳೂರಿನಲ್ಲೇ ನಡೆಯಿತು. 2001ರಲ್ಲಿ ಲಿನಕ್ಸ್ ಬೆಂಗಳೂರು ಎಂದು ಆರಂಭವಾಗಿ, 2005ರಲ್ಲಿ ಫಾಸ್ ಡಾಟ್ ಇನ್ ಆಗಿ, 2012ರವರೆಗೆ ನಡೆದ ಸಮಾವೇಶದಿಂದ ಊರಿಗೆ ಮುಕ್ತ ತಂತ್ರಾಂಶದ ರೂಢಿ ಬಂದಿತ್ತು. 2011ರ ಮಾರ್ಚಿನಲ್ಲಿ ಕೆಡಿಇ ಎಂಬ ಡೆಸ್ಕ್‌ಟಾಪಿನ ಬಳಗ ತನ್ನ ಭಾರತದ ಸಮಾವೇಶವನ್ನು ಆರ್.ವಿ. ಇಂಜಿನಿಯರಿಂಗ್ ಕಾಲೇಜಿನಲ್ಲಿ ನಡೆಸಿತು. ತಿಂಗಳು ಕಳೆಯುವುದರೊಳಗೆ, ಏಪ್ರಿಲ್ ಮೊದಲ ವಾರ, ಗ್ನೋಮ್ ಎಂಬ ಇನ್ನೊಂದು ಡೆಸ್ಕ್‌ಟಾಪಿನ ಬಳಗದ ಏಷ್ಯಾ ಸಮಾವೇಶ ದಯಾನಂದ ಸಾಗರ್ ವಿದ್ಯಾಸಂಸ್ಥೆಯಲ್ಲಿ ನೆರೆಯಿತು. ಅದೇ ವಾರ ಗ್ನೋಮ್ 3 ಬಿಡುಗಡೆಯಾಯಿತು. ಏಪ್ರಿಲ್ ಮುಗಿಯುವಷ್ಟರಲ್ಲಿ ಉಬುಂಟು 11.04 ತನ್ನದೇ ಯೂನಿಟಿ ಡೆಸ್ಕ್‌ಟಾಪಿನೊಂದಿಗೆ ಹೊರಬಿತ್ತು. ಗ್ನೋಮ್ 3ರ ಹೊಸ ಚಹರೆ ಒಗ್ಗದವರು ಹಳೆಯದನ್ನು ಮಾಟೆ ಎಂಬ ಹೆಸರಿನಲ್ಲಿ ಉಳಿಸಿಕೊಂಡರು; ಮಿಂಟ್‌ನವರು ಸಿನಮನ್ ಕಟ್ಟಿದರು. ಒಂದೇ ವರ್ಷದಲ್ಲಿ, ಪುಕ್ಕಟೆಯಾಗಿ ದುಡಿಯುವ ಅಷ್ಟೇ ಜನರ ಮೇಲೆ, ಐದು ಡೆಸ್ಕ್‌ಟಾಪುಗಳ ಭಾರ ಬಿತ್ತು. ಮೂಲ ಒಡಕಿಗೆ ತಕ್ಕ ಕಾರಣವಿತ್ತೆಂಬುದನ್ನು ಮರೆಯಬಾರದು. 1996ರಲ್ಲಿ ಆರಂಭವಾದ ಕೆಡಿಇ ಆಧರಿಸಿದ ಕ್ಯೂಟಿ ಲೈಬ್ರರಿ ಆಗ ಪೂರ್ತಿ ಮುಕ್ತವಾಗಿರಲಿಲ್ಲ, ಆದ್ದರಿಂದ 1997ರಲ್ಲಿ ಗ್ನೋಮ್ ಹುಟ್ಟಿತು. ಕ್ಯೂಟಿ ಕೆಲವೇ ವರ್ಷಗಳಲ್ಲಿ ಮುಕ್ತ ಲೈಸೆನ್ಸಿನಡಿ ಬಂತು. ಒಡಕು ಮಾತ್ರ ಇಂದಿಗೂ ಹಾಗೇ ಇದೆ. ಕಾರಣ ತೀರಿದ ಮೇಲೂ ಕವಲು ಕೂಡುವುದಿಲ್ಲ ಎಂಬುದು ಈ ಲೋಕದ ರಿವಾಜಾಗಿಬಿಟ್ಟಿದೆ. ಉಬುಂಟು ಹೊರತರುವ ಕ್ಯಾನೊನಿಕಲ್ ಕಂಪನಿ 2013ರಲ್ಲಿ, ಪರದೆಗೆ ಚಿತ್ರ ಮೂಡಿಸುವ ಹೊಸ ವ್ಯವಸ್ಥೆಯಾದ ವೇಲ್ಯಾಂಡನ್ನು ಬಿಟ್ಟು ಮಿರ್ ಎಂಬ ತನ್ನದೇ ಡಿಸ್‌ಪ್ಲೇ ಸರ್ವರ್ ಘೋಷಿಸಿ, 2017ರಲ್ಲಿ ಯೂನಿಟಿಯನ್ನೇ ಕೈಬಿಟ್ಟು ಗ್ನೋಮಿಗೆ ಮರಳಿತು. ನಡುವಿನ ವರ್ಷಗಳ ದುಡಿಮೆ ಯಾರ ಖಾತೆಗೂ ಜಮೆಯಾಗಲಿಲ್ಲ.

ತಂತ್ರಾಂಶವನ್ನು ಬಳಕೆದಾರರಿಗೆ ಮುಟ್ಟಿಸುವ ಹಂತದಲ್ಲಿ ಈ ನಷ್ಟ ಇನ್ನೂ ನಿಚ್ಚಳ. ಡೆಬಿಯನ್ ಮತ್ತು ಉಬುಂಟುವಿನಲ್ಲಿ ಡೆಬ್ ಕಡತ, ಫೆಡೋರಾ ಮತ್ತು ಓಪನ್‌ಸೂಸೆಯಲ್ಲಿ ಆರ್‌ಪಿಎಂ, ಆರ್ಚ್‌ನಲ್ಲಿ ಮತ್ತೊಂದು. ರೂಪ ಒಂದೇ ಇದ್ದರೂ ಸಾಲದು. ಹೊಸ ಗ್ಲಿಬ್‌ಸಿ, ಅಂದರೆ ಸಿ ಲೈಬ್ರರಿ, ಇರುವ ಯಂತ್ರದಲ್ಲಿ ಕಂಪೈಲ್ ಮಾಡಿದ ತಂತ್ರಾಂಶ ಹಳೆಯ ಗ್ಲಿಬ್‌ಸಿ ಇರುವಲ್ಲಿ ತೆರೆದುಕೊಳ್ಳದೆ ಹೋಗಬಹುದು. 2014ರಲ್ಲಿ ಪೋರ್ಟ್‌ಲೆಂಡಿನಲ್ಲಿ ನಡೆದ ಡೆಬಿಯನ್ ಸಮಾವೇಶದಲ್ಲಿ ಸ್ವತಃ ಟೋರ್ವಾಲ್ಡ್ಸ್ ಈ ಬಗ್ಗೆ ಖಾರವಾಗಿಯೇ ಮಾತಾಡಿದರು. ನೀರಿನಾಳಕ್ಕೆ ಇಳಿಯುವವರಿಗೆಂದು ಅವರು ಬರೆದ ಸಬ್‌ಸರ್ಫೇಸ್ ತಂತ್ರಾಂಶವನ್ನು ವಿಂಡೋಸಿಗೂ ಮ್ಯಾಕಿಗೂ ಒಂದೊಂದು ಕಡತವಾಗಿ ಕೊಡುವುದು ಸಾಧ್ಯವಾಗಿತ್ತು, ಲಿನಕ್ಸಿಗೆ ಆಗಿರಲಿಲ್ಲ. ಕರ್ನಲ್ ಬರೆದವರಿಗೇ ದಕ್ಕದ ಅನುಕೂಲ ಉಳಿದವರಿಗೆ ದಕ್ಕುವುದುಂಟೆ? ಸರಿಪಡಿಸುವ ಯತ್ನ ನಡೆಯಲೇ ಇಲ್ಲವೆಂದಲ್ಲ. ಲಿನಕ್ಸ್ ಸ್ಟ್ಯಾಂಡರ್ಡ್ ಬೇಸ್ ಎಂಬ ಒಪ್ಪಂದದ ಮೊದಲ ಆವೃತ್ತಿ 2001ರಲ್ಲೇ ಬಂತು. ಅದು ಆರ್‌ಪಿಎಂ ರೂಪವನ್ನು ಆರಿಸಿಕೊಂಡಿದ್ದರಿಂದ ಡೆಬಿಯನ್ ಕುಟುಂಬಕ್ಕೆ ಎಂದೂ ಹತ್ತಿರವಾಗಲಿಲ್ಲ. ಐದನೇ ಆವೃತ್ತಿ ಬಂದ 2015ರಲ್ಲೇ ಡೆಬಿಯನ್ ಅದರ ಬೆಂಬಲವನ್ನು ಬಹುಮಟ್ಟಿಗೆ ಕಿತ್ತುಹಾಕಿತು. ಒಪ್ಪಂದವೇನೋ ಕಾಗದದ ಮೇಲಿತ್ತು, ಪಾಲಿಸದಿದ್ದರೆ ನಷ್ಟವಾಗುವವರು ಯಾರೂ ಇರಲಿಲ್ಲ.

ಕನ್ನಡಿಗರಿಗೆ ಈ ಕವಲುಗಳ ಅನುಭವ ಮೊದಲು ಆಗುವುದು ಕೀಲಿಮಣೆಯಲ್ಲಿ. ಏಕರೂಪದ ನೆಲಗಟ್ಟಿಲ್ಲದಿದ್ದರೆ ಏನಾಗುತ್ತದೆಂದು ಕನ್ನಡ ಗಣಕಲೋಕಕ್ಕೆ ಹೇಳಿಕೊಡಬೇಕಾಗಿಲ್ಲ. ನುಡಿ ತಂತ್ರಾಂಶ ಮತ್ತು ಡಿಟಿಪಿಯವರ ಬಗೆಬಗೆಯ ಫಾಂಟುಗಳು ತಮ್ಮ ತಮ್ಮ ಸಂಕೇತಗಳಲ್ಲಿ ಅಕ್ಷರ ಕೂರಿಸಿದ್ದ ಕಾಲದಲ್ಲಿ ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಕಸವಾಗಿ ಕಾಣುತ್ತಿತ್ತು. ಯೂನಿಕೋಡ್ ಆ ಜಗಳವನ್ನು ತೀರಿಸಿತು. ಹಳೆಯ ಕಡತಗಳನ್ನು ಪರಿವರ್ತಿಸುವ ಕೆಲಸ ಮಾತ್ರ ಉಳಿದುಕೊಂಡಿತು. ಲಿನಕ್ಸಿನಲ್ಲಿ ಯೂನಿಕೋಡ್ ಕನ್ನಡ ಚೆನ್ನಾಗಿ ಕಾಣುತ್ತದೆ. ಲೋಹಿತ್, ಗುಬ್ಬಿ, ನವಿಲು, ನೋಟೊ ಮುಂತಾದ ಮುಕ್ತ ಫಾಂಟುಗಳಿವೆ. ಬೆರಳಿಗೆ ತೊಡಕಾಗುವುದು ಟೈಪಿಂಗ್ ವ್ಯವಸ್ಥೆ. ಕನ್ನಡಿಗರು ಬಹುವಾಗಿ ಬಳಸುವ ಕ.ಗ.ಪ. ವಿನ್ಯಾಸ ಲಿನಕ್ಸಿನಲ್ಲಿ ಒಂದಲ್ಲ, ಎರಡು ಕಡೆ ಇದೆ. ಎಕ್ಸ್‌ಕೆಬಿ ಎಂಬ ಕೀಲಿಮಣೆ ಪಟ್ಟಿಯಲ್ಲಿ ಒಂದು, ಎಂ17ಎನ್ ಎಂಬ ಸಂಗ್ರಹದಲ್ಲಿ ಮತ್ತೊಂದು. ಮೊದಲನೆಯದು ಒಂದು ಕೀಲಿಗೆ ಒಂದು ಚಿಹ್ನೆ ಕೊಡುವಷ್ಟಕ್ಕೆ ನಿಲ್ಲುತ್ತದೆ. ಎರಡನೆಯದು ಒತ್ತಿದ ಕೀಲಿಗಳ ಹಿಂದುಮುಂದು ನೋಡಿ ಅಕ್ಷರ ಕಟ್ಟಬಲ್ಲುದು, ಆದರೆ ಅದಕ್ಕೆ ಐಬಸ್ ಅಥವಾ ಎಫ್‌ಸಿಐಟಿಎಕ್ಸ್ ಎಂಬ ನಡುವರ್ತಿ ಬೇಕು. ಗ್ನೋಮ್ ಐಬಸ್ಸಿನ ಜೊತೆ ಹೊಂದಿಕೊಂಡಿದೆ. ಕೆಡಿಇ ಬಳಸುವವರು ಎಫ್‌ಸಿಐಟಿಎಕ್ಸ್ ಕಡೆಗೆ ವಾಲುತ್ತಾರೆ. ಆರ್ಚ್ ಹಾಕಿಕೊಂಡವರಿಗೆ ಮೊದಲ ದಿನ ಯಾವುದೂ ಇರುವುದಿಲ್ಲ. ಇದರ ಮೇಲೆ ವೇಲ್ಯಾಂಡ್ ಬಂದಾಗ ಹೊಸ ಗೋಜಲು ಹುಟ್ಟಿತು. ಬರಹ ಒಳಕ್ಕೆ ಬರುವ ದಾರಿಗೆ ಗ್ನೋಮ್ ಮೂರನೇ ಆವೃತ್ತಿಯ ಪ್ರೋಟೊಕಾಲನ್ನು ಮಾತ್ರ ಒಪ್ಪಿಕೊಂಡಿತು; ಕ್ರೋಮಿಯಂ ಬ್ರೌಸರು ಬಹಳ ಕಾಲ ಮೊದಲನೇ ಆವೃತ್ತಿಯನ್ನೇ ಹಿಡಿದು ಕೂತಿತ್ತು. ಫಲವಾಗಿ ಅದೇ ಕ್ರೋಮಿಯಂ ವೇಲ್ಯಾಂಡಿನ ಮೇಲೆ ನೇರವಾಗಿ ಓಡಿದಾಗ ಒಂದು ಡೆಸ್ಕ್‌ಟಾಪಿನಲ್ಲಿ ಕನ್ನಡ ಟೈಪಾಗುತ್ತಿತ್ತು, ಇನ್ನೊಂದರಲ್ಲಿ ಇಲ್ಲ. ಇಂಗ್ಲಿಷಿನಲ್ಲಿ ಟೈಪ್ ಮಾಡುವವರಿಗೆ ಇಂಥದೊಂದು ತೊಂದರೆ ಇದೆಯೆಂಬುದೇ ತಿಳಿಯುವುದಿಲ್ಲ. ಚೀನೀ, ಜಪಾನಿ ಬಳಕೆದಾರರ ದೊಡ್ಡ ಸಮೂಹ ದೂರು ಕೊಟ್ಟು ದುರಸ್ತಿ ಮಾಡಿಸಿಕೊಂಡಾಗ ಕನ್ನಡಕ್ಕೂ ಅದರ ಪಾಲು ಸಿಗುತ್ತದೆ. ಅಲ್ಲಿಯವರೆಗೆ ಕಾಯಬೇಕು.

ಅನುವಾದದ್ದೂ ಇದೇ ಪಾಡು. ಒಂದು ಡೆಸ್ಕ್‌ಟಾಪನ್ನು ಕನ್ನಡಕ್ಕೆ ತರುವುದೆಂದರೆ ಸಾವಿರಾರು ವಾಕ್ಯಗಳ ಕೆಲಸ. ಗ್ನೋಮಿನ ವಾಕ್ಯಗಳು ಅದರದೇ ಜಾಲತಾಣದಲ್ಲಿ, ಕೆಡಿಇಯವು ಅದರ ಭಂಡಾರದಲ್ಲಿ, ಉಬುಂಟು ಮತ್ತು ಮಿಂಟ್‌ನವು ಲಾಂಚ್‌ಪ್ಯಾಡಿನಲ್ಲಿ. ಫೆಡೋರಾ ಮೊದಲು ಟ್ರಾನ್ಸಿಫೆಕ್ಸ್, ಆಮೇಲೆ ಝನಾಟ, ಈಗ ವೆಬ್ಲೇಟ್ ಎಂದು ಮನೆ ಬದಲಿಸುತ್ತ ಬಂದಿದೆ. 'ಫೈಲ್ ತೆರೆ' ಎಂಬಷ್ಟು ಸಣ್ಣ ಸಾಲನ್ನೂ ನಾಲ್ಕು ಕಡೆ ನಾಲ್ಕು ಸಲ ಕನ್ನಡಿಸಬೇಕು; ನಾಲ್ಕೂ ಬೇರೆ ಬೇರೆಯಾಗಿ ಬಂದರೆ ಅಚ್ಚರಿಯಿಲ್ಲ. ಪದಗಳನ್ನಾದರೂ ಒಂದಾಗಿಸೋಣವೆಂದು ಭಾರತೀಯ ಭಾಷೆಗಳಿಗೆ ಫ್ಯುಯೆಲ್ ಎಂಬ ಪದಪಟ್ಟಿ ಯೋಜನೆ 2008ರಲ್ಲಿ ಆರಂಭವಾಯಿತು, ಅದರಲ್ಲಿ ಕನ್ನಡವೂ ಇತ್ತು. ಆದರೆ ಪಟ್ಟಿ ಒಂದಾದ ಮಾತ್ರಕ್ಕೆ ಕೆಲಸ ಒಂದಾಗಲಿಲ್ಲ. ಜರ್ಮನ್ ಭಾಷೆಗೆ ನೂರಾರು ಅನುವಾದಕರಿದ್ದು ನಾಲ್ಕು ಭಾಗವಾದರೂ ಪ್ರತಿ ಭಾಗದಲ್ಲಿ ಜನ ಉಳಿಯುತ್ತಾರೆ. ಕನ್ನಡದಂಥ ಭಾಷೆಯ ಬೆರಳೆಣಿಕೆಯ ಸ್ವಯಂಸೇವಕರನ್ನು ನಾಲ್ಕಕ್ಕೆ ಹಂಚಿದರೆ ಎಲ್ಲಿಯೂ ಕೆಲಸ ಮುಗಿಯುವುದಿಲ್ಲ. ಕವಲುಗಳ ಹೊರೆ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ, ಸಣ್ಣವರ ಮೇಲೆ ಹೆಚ್ಚು ಬೀಳುತ್ತದೆ. ಈ ವಿಷಯದ ಚರ್ಚೆಗಳಲ್ಲಿ ಅಪರೂಪಕ್ಕೆ ಕೇಳಿಬರುವ ಮಾತಿದು, ಏಕೆಂದರೆ ಚರ್ಚೆ ನಡೆಸುವವರು ಸಾಮಾನ್ಯವಾಗಿ ಸಣ್ಣವರಲ್ಲ.

ಆಟಗಳ ವಿಷಯದಲ್ಲಿ ಸಣ್ಣವರು ಯಾರೆಂದರೆ ಲಿನಕ್ಸ್ ಬಳಕೆದಾರರೇ. 1998ರಲ್ಲಿ ಶುರುವಾದ ಲೋಕಿ ಸಾಫ್ಟ್‌ವೇರ್ ಎಂಬ ಅಮೆರಿಕದ ಕಂಪನಿ ಹೆಸರಾಂತ ಆಟಗಳನ್ನು ಲಿನಕ್ಸಿಗೆ ತಂದು, ಸಾಲದಲ್ಲಿ ಮುಳುಗಿ, 2002ರ ಜನವರಿಯಲ್ಲಿ ಮುಚ್ಚಿತು. ವಾಲ್ವ್ ಕಂಪನಿ 2013ರ ಫೆಬ್ರುವರಿಯಲ್ಲಿ ಸ್ಟೀಮ್ ಎಂಬ ತನ್ನ ಆಟಗಳ ಅಂಗಡಿಯನ್ನು ಲಿನಕ್ಸಿಗೆ ತಂದಾಗ ಅಧಿಕೃತ ಬೆಂಬಲ ಉಬುಂಟುವಿಗೆ ಮಾತ್ರ ಇತ್ತು. ಉಳಿದ ಡಿಸ್ಟ್ರೋಗಳ ಮೇಲೆ ನಂಬಿಕೆ ಇಡಲಾಗದೆ ವಾಲ್ವ್ ಮಾಡಿದ ಉಪಾಯ ಗಮನಾರ್ಹ. ಉಬುಂಟು 12.04ರ ಲೈಬ್ರರಿಗಳನ್ನೇ ಗಂಟುಕಟ್ಟಿ ಸ್ಟೀಮಿನೊಂದಿಗೆ ಎಲ್ಲೆಡೆಗೂ ಕಳಿಸಿತು. ಮುಂದೆ ಡೆಬಿಯನ್ 10, ಡೆಬಿಯನ್ 11ರ ಲೈಬ್ರರಿಗಳ ಗಂಟುಗಳೂ ಬಂದವು. ಅಂದರೆ ಆಟಗಾರನ ಡಿಸ್ಟ್ರೋ ಯಾವುದೇ ಇರಲಿ, ಆಟ ಓಡುವುದು ಅದರೊಳಗೆ ಅಡಗಿಸಿಟ್ಟ ಇನ್ನೊಂದು ಡಿಸ್ಟ್ರೋದಲ್ಲಿ. 2018ರ ಆಗಸ್ಟಿನಲ್ಲಿ ಬಂದ ವಾಲ್ವ್‌ನದೇ ಪ್ರೋಟಾನ್ ಇನ್ನೂ ಮುಂದೆ ಹೋಗಿ, ವಿಂಡೋಸಿಗೆಂದು ಬರೆದ ಆಟಗಳನ್ನೇ ಲಿನಕ್ಸಿನಲ್ಲಿ ಓಡಿಸತೊಡಗಿತು. ವೈನ್ ಮತ್ತು ಡಿಎಕ್ಸ್‌ವಿಕೆ ಎಂಬ ತಂತ್ರಾಂಶಗಳು ಅದರ ಬೆನ್ನೆಲುಬು. ಇಂದು ಎಷ್ಟೋ ಹಳೆಯ ಆಟಗಳ ಲಿನಕ್ಸ್ ಆವೃತ್ತಿ ಕೆಟ್ಟು ಕೂತಿದೆ. ಅದೇ ಆಟದ ವಿಂಡೋಸ್ ಆವೃತ್ತಿ ಅದೇ ಲಿನಕ್ಸ್ ಯಂತ್ರದಲ್ಲಿ ಪ್ರೋಟಾನ್ ಮೂಲಕ ಸಲೀಸಾಗಿ ಓಡುತ್ತದೆ. ಲಿನಕ್ಸಿನಲ್ಲಿ ಮಾರ್ಪಡದೆ ಉಳಿಯುವ ಏಕೈಕ ನೆಲಗಟ್ಟು ವಿಂಡೋಸಿನದೇ ಎಂಬ ಗೇಲಿ ಆಟ ಬರೆಯುವವರಲ್ಲಿ ಚಾಲ್ತಿಯಲ್ಲಿದೆ. ಕವಲುಗಳ ವಿರುದ್ಧ ಇದಕ್ಕಿಂತ ಬಲವಾದ ಸಾಕ್ಷಿ ನನಗೆ ಕಾಣುವುದಿಲ್ಲ: ಲಿನಕ್ಸಿನಲ್ಲಿ ಆಟಗಳು ಬದುಕಿದ್ದು ಡಿಸ್ಟ್ರೋಗಳನ್ನು ಬಳಸಿಕೊಂಡಲ್ಲ, ಅವುಗಳಿಂದ ತಪ್ಪಿಸಿಕೊಂಡು.

ತಪ್ಪಿಸಿಕೊಳ್ಳುವುದಕ್ಕೂ ಮಿತಿ ಇದೆ. 2019ರ ಜೂನಿನಲ್ಲಿ ಕ್ಯಾನೊನಿಕಲ್, ಉಬುಂಟು 19.10ರಿಂದ 32 ಬಿಟ್ ಲೈಬ್ರರಿಗಳನ್ನು ಕೈಬಿಡುವುದಾಗಿ ಹೇಳಿತು. ಹಳೆಯ ಆಟಗಳಲ್ಲಿ ಬಹಳಷ್ಟು 32 ಬಿಟ್‌ನವು, ಆಗ ಸ್ಟೀಮ್ ಕೂಡ ಹಾಗೇ ಇತ್ತು. ಆ ಆವೃತ್ತಿಗೆ ಬೆಂಬಲವಿಲ್ಲವೆಂದು ವಾಲ್ವ್ ಕಡೆಯಿಂದ ಮಾತು ಬಂದ ಮೇಲೆ, ಕೆಲವೇ ದಿನಗಳಲ್ಲಿ ನಿರ್ಧಾರ ಬದಲಾಯಿತು. 2025ರಲ್ಲಿ ಫೆಡೋರಾದಲ್ಲಿ ಅಂಥದೇ ಪ್ರಸ್ತಾವ ಬಂದು, ಫೆಡೋರಾ ಆಧರಿಸಿದ ಆಟದ ಡಿಸ್ಟ್ರೋ ಬಝೈಟ್ ಮುಚ್ಚಿಹೋಗಬೇಕಾದೀತೆಂಬ ಎಚ್ಚರಿಕೆಯ ನಂತರ ಹಿಂತೆಗೆದುಕೊಳ್ಳಲಾಯಿತು. ಈ ಎರಡರ ನಡುವೆ, 2022ರ ಆಗಸ್ಟಿನ ಗ್ಲಿಬ್‌ಸಿ 2.36ರಲ್ಲಿ ಡಿಟಿ ಹ್ಯಾಶ್ ಎಂಬ ಹಳೆಯ ಕೋಷ್ಟಕವೊಂದನ್ನು ಸದ್ದಿಲ್ಲದೆ ಬಿಟ್ಟದ್ದರಿಂದ ಈಸಿ ಆಂಟಿ-ಚೀಟ್ ಎಂಬ ಮೋಸ ತಡೆಯುವ ತಂತ್ರಾಂಶ ಬಳಸುವ ಆಟಗಳು ಆರ್ಚ್‌ನಲ್ಲಿ ನಿಂತುಹೋದವು. ಹೊಸದನ್ನು ಬೇಗ ತರುವ ಡಿಸ್ಟ್ರೋದಲ್ಲಿ ಮಾತ್ರ ಒಡೆದು, ನಿಧಾನದ ಡಿಸ್ಟ್ರೋಗಳಲ್ಲಿ ಸರಿಯಾಗಿಯೇ ಇದ್ದ ದೋಷವಿದು. ಆಟದ ಕಂಪನಿಯ ಮೇಜಿಗೆ ಬರುವ ದೂರಿನಲ್ಲಿ 'ಲಿನಕ್ಸಿನಲ್ಲಿ ಓಡುತ್ತಿಲ್ಲ' ಎಂದಷ್ಟೇ ಇರುತ್ತದೆ. ಯಾವ ಲಿನಕ್ಸ್, ಯಾವ ಗ್ಲಿಬ್‌ಸಿ, ಯಾವ ಡ್ರೈವರ್, ಯಾವ ಡೆಸ್ಕ್‌ಟಾಪ್ ಎಂದು ಬಿಡಿಸಿ ನೋಡುವ ಕೂಲಿ ಆ ಮಾರುಕಟ್ಟೆಯ ಲಾಭಕ್ಕಿಂತ ದೊಡ್ಡದು. ಸ್ಟೀಮಿನ ಸಮೀಕ್ಷೆಯಲ್ಲಿ ಲಿನಕ್ಸಿನ ಪಾಲು 3 ಪ್ರತಿಶತದ ಆಸುಪಾಸಿಗೆ ಬಂದದ್ದೇ 2025ರಲ್ಲಿ.

ಹಲವರು ಕೂಡಿ ಆಡುವ ಆಟಗಳ ಬಾಗಿಲು ಮುಚ್ಚಿದ್ದೂ ಇಲ್ಲೇ. ಮೋಸ ತಡೆಯುವ ತಂತ್ರಾಂಶಕ್ಕೆ ತಾನು ಓಡುತ್ತಿರುವ ಯಂತ್ರದ ಕರ್ನಲ್ ಯಾರೂ ತಿದ್ದಿದ್ದಲ್ಲ ಎಂಬ ಖಾತರಿ ಬೇಕು. ಯಾರು ಬೇಕಾದರೂ ಕರ್ನಲ್ ತಿದ್ದಬಹುದೆಂಬುದೇ ಲಿನಕ್ಸಿನ ಹೆಗ್ಗಳಿಕೆ. ಈಸಿ ಆಂಟಿ-ಚೀಟ್ ಮತ್ತು ಬ್ಯಾಟಲ್‌ಐ ಎರಡೂ 2021ರಲ್ಲೇ ಪ್ರೋಟಾನಿಗೆ ದಾರಿ ತೆರೆದವು, ಆದರೆ ತಮ್ಮ ಆಟಕ್ಕೆ ಅದನ್ನು ಚಾಲೂ ಮಾಡುವುದು ಆಟದ ಕಂಪನಿಗೆ ಬಿಟ್ಟದ್ದು. ಫೋರ್ಟ್‌ನೈಟನ್ನು ಏಕೆ ತರುವುದಿಲ್ಲವೆಂಬುದಕ್ಕೆ ಎಪಿಕ್ ಕಂಪನಿಯ ಟಿಮ್ ಸ್ವೀನಿ 2022ರಲ್ಲಿ ಕೊಟ್ಟ ಕಾರಣ, ಕರ್ನಲ್ಲುಗಳ ಬಗೆ ತೀರ ಹಲವು ಮತ್ತು ಅವುಗಳಲ್ಲಿ ಸ್ವಂತವಾಗಿ ಕಟ್ಟಿಕೊಂಡವೂ ಸೇರಿವೆ ಎಂಬುದು. ಏಪೆಕ್ಸ್ ಲೆಜೆಂಡ್ಸ್ ಕೆಲಕಾಲ ಲಿನಕ್ಸಿನಲ್ಲಿ ಓಡಿ 2024ರ ಅಕ್ಟೋಬರಿನ ಕೊನೆಗೆ ಹೊರನಡೆಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ರಾಕ್‌ಸ್ಟಾರ್ ಕಂಪನಿ ಜಿಟಿಎ ಆನ್‌ಲೈನಿಗೆ ಬ್ಯಾಟಲ್‌ಐ ಅಳವಡಿಸಿದಾಗ ಲಿನಕ್ಸಿನಲ್ಲಿ ಆಡುತ್ತಿದ್ದವರು ಒಂದೇ ದಿನದಲ್ಲಿ ಹೊರಗಾದರು. ರಾಕ್‌ಸ್ಟಾರಿನ ದೊಡ್ಡ ಸ್ಟುಡಿಯೊಗಳಲ್ಲೊಂದು ಬೆಂಗಳೂರಿನಲ್ಲೇ ಇದೆ. 1997ರಲ್ಲಿ ಇಲ್ಲಿ ಹುಟ್ಟಿದ ಧ್ರುವ ಇಂಟರಾಕ್ಟಿವನ್ನು ಅದು 2019ರಲ್ಲಿ ಕೊಂಡಿತ್ತು. ಆಟದ ಕೈಗಾರಿಕೆಯೂ ಲಿನಕ್ಸ್ ಜಾಣರೂ ಒಂದೇ ಊರಿನಲ್ಲಿದ್ದರೂ ಇಬ್ಬರ ನಡುವೆ ಒಪ್ಪಿದ ನೆಲಗಟ್ಟಿಲ್ಲ.

ಇಷ್ಟೆಲ್ಲ ಹಳೆಯ ಮಾತು, ಫ್ಲ್ಯಾಟ್‌ಪ್ಯಾಕ್ ಬಂದ ಮೇಲೆ ಕವಲುಗಳ ತೊಂದರೆ ತೀರಿತು ಎನ್ನುವವರಿದ್ದಾರೆ. ತಂತ್ರಾಂಶವನ್ನು ಬೇಕಾದ ಲೈಬ್ರರಿಗಳೊಂದಿಗೆ ಒಂದೇ ಪೆಟ್ಟಿಗೆಯಲ್ಲಿ ಕೊಡುವ ಆ ದಾರಿ ನಿಜವಾಗಿಯೂ ಒಳ್ಳೆಯದು. ಆದರೆ ಪರಿಹಾರವೂ ಕವಲೊಡೆಯಿತು. ಅದೇ ಕೆಲಸಕ್ಕೆ ಕ್ಯಾನೊನಿಕಲ್‌ನ ಸ್ನ್ಯಾಪ್ ಇದೆ, ಸಬ್‌ಸರ್ಫೇಸಿನವರು ಆರಿಸಿಕೊಂಡ ಆಪ್‌ಇಮೇಜ್ ಇದೆ. ಸ್ಟೀಮನ್ನೇ ನೋಡಿ: ವಾಲ್ವ್ ಕೊಡುವುದು ಡೆಬ್ ಕಡತ ಒಂದನ್ನೇ. ಫೆಡೋರಾದವರಿಗೆ ಆರ್‌ಪಿಎಂ ಫ್ಯೂಷನ್ ಎಂಬ ಹೊರಗಿನ ಭಂಡಾರದ ಪ್ರತಿ, ಫ್ಲ್ಯಾಟ್‌ಪ್ಯಾಕುಗಳ ಭಂಡಾರವಾದ ಫ್ಲ್ಯಾಟ್‌ಹಬ್ಬಿನಲ್ಲಿ ಸ್ವಯಂಸೇವಕರ ಪ್ರತಿ, ಉಬುಂಟುವಿನಲ್ಲಿ ಸ್ನ್ಯಾಪ್ ಪ್ರತಿ. ಈ ಕೊನೆಯದರಿಂದ ದೂರುಗಳು ಹೆಚ್ಚಿ, 2024ರ ಆರಂಭದಲ್ಲಿ ವಾಲ್ವ್‌ನ ಡೆವಲಪರೊಬ್ಬರು ಅದನ್ನು ಬಳಸಬೇಡಿರೆಂದು ಬಹಿರಂಗವಾಗಿ ಹೇಳಬೇಕಾಯಿತು. ಫ್ಲ್ಯಾಟ್‌ಪ್ಯಾಕಿನೊಳಗೂ ನೆಮ್ಮದಿಯಿಲ್ಲ. ಆಟವನ್ನು ನೇರಪ್ರಸಾರ ಮಾಡುವವರು ನೆಚ್ಚುವ ಒಬಿಎಸ್ ಸ್ಟುಡಿಯೊವನ್ನು ಫೆಡೋರಾ ತಾನೇ ಬೇರೆಯಾಗಿ ಪೊಟ್ಟಣ ಕಟ್ಟಿ ಹಂಚಿತು. ಅದು ಸರಿಯಾಗಿ ಓಡದೆ ಬೈಗುಳ ಮೂಲ ಬಳಗಕ್ಕೆ ಬಂದಾಗ, 2025ರ ಫೆಬ್ರುವರಿಯಲ್ಲಿ ಒಬಿಎಸ್‌ನವರು ಕಾನೂನಿನ ಮಾತೆತ್ತುವವರೆಗೂ ಹೋಯಿತು. ಇನ್ನು ಪರದೆಯ ಸೌಕರ್ಯಗಳು ಯಾವ ಪೆಟ್ಟಿಗೆಯಲ್ಲೂ ಬರುವುದಿಲ್ಲ, ಅವು ಡೆಸ್ಕ್‌ಟಾಪಿನ ಕೈಯಲ್ಲಿವೆ. ಆಟದ ವೇಗಕ್ಕೆ ತಕ್ಕಂತೆ ಪರದೆಯ ಬಡಿತವನ್ನು ಬದಲಿಸುವ ವಿಆರ್‌ಆರ್ ವೇಲ್ಯಾಂಡಿನ ಮೇಲೆ ಕೆಡಿಇಗೆ 2021ರಲ್ಲೇ ಬಂತು, ಗ್ನೋಮಿಗೆ ಪ್ರಯೋಗದ ಮಟ್ಟದಲ್ಲಿ ಬಂದದ್ದು 2024ರಲ್ಲಿ. ಬೆಳಕು ಬಣ್ಣಗಳ ಹರವನ್ನು ಹಿಗ್ಗಿಸುವ ಎಚ್‌ಡಿಆರ್ ಕೂಡ ಹಾಗೆಯೇ: ಕೆಡಿಇಯಲ್ಲಿ 2024, ಗ್ನೋಮಿನಲ್ಲಿ 2025. ಬೆಲೆಬಾಳುವ ಮಾನಿಟರ್ ಕೊಂಡವನಿಗೆ ಅದರ ಗುಣ ಸಿಗುವುದು ಅವನು ಆರಿಸಿದ ಡೆಸ್ಕ್‌ಟಾಪಿನ ಮರ್ಜಿಯ ಮೇಲೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಲಿನಕ್ಸ್ ಮನೆಗೆ ಬಾರದಿರಲು ಕವಲುಗಳಲ್ಲ, ಅಂಗಡಿಯ ಯಂತ್ರಗಳಲ್ಲಿ ವಿಂಡೋಸ್ ಮೊದಲೇ ಕೂತಿರುವುದು ಕಾರಣ ಎನ್ನುತ್ತಾರೆ. ಭಾಗಶಃ ನಿಜ. ಆದರೆ ಭಾರತದ ಮಾರುಕಟ್ಟೆಯಲ್ಲಿ ವಿಂಡೋಸ್ ಇಲ್ಲದ ಯಂತ್ರಗಳಿಗೆ ಬರವಿರಲಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಜೋಡಿಸಿಕೊಟ್ಟ ಪಿಸಿಗಳು ಬರಿದಾಗಿಯೇ ಬರುತ್ತಿದ್ದವು. ಡೆಲ್ ಕಂಪನಿ ಉಬುಂಟು ಹಾಕಿದ ಲ್ಯಾಪ್‌ಟಾಪುಗಳನ್ನು ಇಲ್ಲಿನ ಅಂಗಡಿಗಳಲ್ಲಿ ಮಾರಿತು. ಕೊಂಡವರಲ್ಲಿ ಬಹುಮಂದಿ ಮನೆಗೆ ತಂದು ವಿಂಡೋಸ್ ಹಾಕಿಸಿಕೊಂಡರು. ಹಾಕಿಸಿಕೊಂಡದ್ದು ಏಕೆಂದರೆ ಬೇಕಾದ ಆಟ, ಪ್ರಿಂಟರ್, ನುಡಿ ಎಲ್ಲ ಅಲ್ಲಿದ್ದವು. ಅವು ಅಲ್ಲಿದ್ದದ್ದು ಗುರಿ ಇಡಲು ಅಲ್ಲಿ ಒಂದೇ ನೆಲಗಟ್ಟು ಇದ್ದದ್ದರಿಂದ. ಹಾಗೆಂದ ಮೇಲೆ ಲಿನಕ್ಸ್ ಬಳಸುವ ಜನ ಕಡಿಮೆ ಎಂಬುದು ಕವಲುಗಳಿಗೆ ಎದುರಾದ ಕಾರಣವಲ್ಲ, ಅವುಗಳ ಜೊತೆ ಸುತ್ತಿಕೊಂಡ ಕಾರಣ: ಜನ ಕಡಿಮೆಯಾದ್ದರಿಂದ ಆಟ ಬರುವುದಿಲ್ಲ, ಇರುವ ಜನರೂ ಹಂಚಿಹೋಗಿರುವುದರಿಂದ ಯಾವ ಒಂದು ಡಿಸ್ಟ್ರೋವೂ ಗುರಿ ಇಡುವಷ್ಟು ದೊಡ್ಡದಾಗುವುದಿಲ್ಲ. ಆಂಡ್ರಾಯ್ಡನ್ನು ಇದರ ಪಕ್ಕದಲ್ಲಿ ಇಡಬೇಕು. ಅದರ ಕರ್ನಲ್ ಲಿನಕ್ಸ್, ತಯಾರಕರು ನೂರಾರು, ಫೋನಿನ ಮಾದರಿಗಳು ಸಾವಿರಾರು. ಆದರೂ ಬಿಜಿಎಂಐ ಎಂಬ ಆಟ ಹಳ್ಳಿಯ ಅಗ್ಗದ ಫೋನಿನಲ್ಲೂ ಓಡುತ್ತದೆ. ಗೂಗಲ್ಲಿನ ಹೊಂದಾಣಿಕೆ ಪರೀಕ್ಷೆ ಪಾಸಾಗದ ಫೋನಿಗೆ ಪ್ಲೇ ಸ್ಟೋರ್ ಸಿಗುವುದಿಲ್ಲವೆಂಬ ಕಟ್ಟಳೆ ಅದರ ಹಿಂದಿದೆ. ಆ ಕಟ್ಟಳೆಯ ಹಿಂದೆ ಏಕಸ್ವಾಮ್ಯದ ದುರಾಸೆಯೂ ಇದೆ, ಅದನ್ನು ಮೆಚ್ಚಬೇಕಾಗಿಲ್ಲ. ಬಗೆಗಳು ಎಷ್ಟಿದ್ದರೂ ಕರಾರು ಒಂದಿದ್ದರೆ ಸಾಕೆಂಬುದನ್ನು ಮಾತ್ರ ಅದು ತೋರಿಸಿಕೊಟ್ಟಿದೆ.

ಕವಲೊಡೆಯುವ ಹಕ್ಕೇ ಮುಕ್ತ ತಂತ್ರಾಂಶದ ಜೀವ ಎಂಬ ವಾದವನ್ನು ನಾನು ಅಲ್ಲಗಳೆಯುವುದಿಲ್ಲ. ಸೆಂಟ್‌ಒಎಸ್ ಪ್ರಸಂಗದಲ್ಲಿ ಆ ಹಕ್ಕು ಸಾವಿರಾರು ಸಂಸ್ಥೆಗಳನ್ನು ಕಾಪಾಡಿತು. ವೇಲ್ಯಾಂಡನ್ನು ಫೆಡೋರಾ ಮೊದಲು ಮೈಮೇಲೆ ಎಳೆದುಕೊಳ್ಳದಿದ್ದರೆ ಉಳಿದವರು ಇಂದಿಗೂ ಅಂಜುತ್ತಿದ್ದರು. ಆದರೆ ಹಕ್ಕು ಇರುವುದು ಬೇರೆ, ಅದನ್ನು ಸಿ ಲೈಬ್ರರಿ, ಪೊಟ್ಟಣ, ಕೀಲಿಮಣೆಯ ದಾರಿಗಳಂಥ ಹೊರಗಿನವರು ನೆಚ್ಚಿಕೊಂಡ ಜಾಗದಲ್ಲೇ ಚಲಾಯಿಸುವುದು ಬೇರೆ. ಆಲ್ಮಾ ಮತ್ತು ರಾಕಿ ಕವಲೊಡೆದೂ ಕರಾರು ಉಳಿಸಿದವು. ಡೆಸ್ಕ್‌ಟಾಪ್ ಡಿಸ್ಟ್ರೋಗಳು ಪ್ರತಿ ಸಲವೂ ಕರಾರಿನಲ್ಲೇ ಬೇರೆಯಾಗಲು ಹೊರಟವು.

ಒಂದೇ ಡಿಸ್ಟ್ರೋವನ್ನು ಹಿಡಿದರೆ ಏನಾಗುತ್ತದೆಂದು ನೋಡಲು ಕನ್ನಡಿಗರು ದೂರ ಹೋಗಬೇಕಿಲ್ಲ, ಕಾಸರಗೋಡಿಗೆ ಹೋದರೆ ಸಾಕು. ಮಂಜೇಶ್ವರ, ಕುಂಬಳೆಗಳ ಕನ್ನಡ ಮಾಧ್ಯಮದ ಶಾಲೆಗಳು ಕೇರಳದ ಪಠ್ಯಕ್ರಮಕ್ಕೆ ಸೇರಿದವು. ಕೇರಳ ಸುಮಾರು ಎರಡು ದಶಕಗಳಿಂದ ಶಾಲೆಗಳ ಐಟಿ ಪಾಠವನ್ನು ಮುಕ್ತ ತಂತ್ರಾಂಶದ ಮೇಲೆಯೇ ನಡೆಸುತ್ತಿದೆ. ಹಿಂದೆ ಐಟಿ@ಸ್ಕೂಲ್ ಯೋಜನೆ, 2017ರಿಂದ ಕೈಟ್ ಸಂಸ್ಥೆ, ಉಬುಂಟುವನ್ನು ಆಧರಿಸಿ ತನ್ನದೇ ಪ್ರತಿಯನ್ನು ಸಿದ್ಧಪಡಿಸಿ ಇಡೀ ರಾಜ್ಯಕ್ಕೆ ಹಂಚುತ್ತದೆ. 2019ರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಶಾಲಾ ಗಣಕಗಳಿಗೆ ಅದನ್ನು ಹಾಕುವ ಕೆಲಸ ನಡೆಯಿತು. ಪಠ್ಯಪುಸ್ತಕದ ಚಿತ್ರದಲ್ಲಿರುವ ಮೆನು, ಶಿಕ್ಷಕರ ತರಬೇತಿಯಲ್ಲಿ ತೋರಿಸಿದ ಮೆನು, ಎಸ್‌ಎಸ್‌ಎಲ್‌ಸಿ ಪ್ರಾಯೋಗಿಕ ಪರೀಕ್ಷೆಯ ದಿನ ಮಗುವಿನ ಎದುರಿನ ಮೆನು ಮೂರೂ ಒಂದೇ. ಪುಸ್ತಕ ಕನ್ನಡದಲ್ಲೂ ಅಚ್ಚಾಗುತ್ತದೆ. ಪುಟ್ಟ ಮಕ್ಕಳಿಗೆ ಜಿಕಾಂಪ್ರಿಯಂಥ ಆಟಗಳೂ ಆ ಡಿಸ್ಟ್ರೋದಲ್ಲಿವೆ. ಕರ್ನಾಟಕದಲ್ಲೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆಯ ಜೊತೆ ಸೇರಿ 2011ರಿಂದ ವಿಷಯ ಶಿಕ್ಷಕರ ವೇದಿಕೆಯ ಮೂಲಕ ಉಬುಂಟು ಕಲಿಸಿತು, ಆ ಶಿಕ್ಷಕರೇ ಕನ್ನಡದಲ್ಲಿ ಮುಕ್ತ ಪಾಠಗಳನ್ನು ಬರೆದರು. ಇಡೀ ರಾಜ್ಯಕ್ಕೆ ಒಂದೇ ಪ್ರತಿ ಎಂಬ ನಿರ್ಧಾರ ಮಾತ್ರ ಇಲ್ಲಿ ಆಗಲಿಲ್ಲ. ಕೇಂದ್ರ ಸರ್ಕಾರದ ಸಿ-ಡ್ಯಾಕ್ ಸಂಸ್ಥೆ 2007ರಿಂದ ಹೊರತರುತ್ತಿರುವ ಬಾಸ್ ಎಂಬ ಭಾರತೀಯ ಡಿಸ್ಟ್ರೋದಲ್ಲಿ ಕನ್ನಡವಿದೆ. ಆದರೆ ಅದನ್ನೇ ಹಾಕಬೇಕೆಂಬ ಶಾಲೆಯಾಗಲಿ ಕಚೇರಿಯಾಗಲಿ ಬೆನ್ನಿಗಿಲ್ಲದ ಡಿಸ್ಟ್ರೋ, ಪಟ್ಟಿಗೆ ಸೇರಿದ ಇನ್ನೊಂದು ಹೆಸರಾಗುತ್ತದೆ ಅಷ್ಟೆ. ಕೇರಳದ ಡಿಸ್ಟ್ರೋದಲ್ಲಿ ತಾಂತ್ರಿಕವಾಗಿ ಅಂಥ ಹೊಸತೇನಿಲ್ಲ. ಅದು ಹೆಚ್ಚಾಗಿ ಮಾಡಿದ್ದು, ಆಯ್ಕೆಯ ಹೊರೆಯನ್ನು ಮೇಷ್ಟರ ತಲೆಯಿಂದ ಇಳಿಸಿ ಸರ್ಕಾರದ ಹೆಗಲಿಗೆ ಹೊರಿಸಿದ್ದು.

ಆಟಗಳಲ್ಲಿ ಆ ಹೆಗಲು ಕೊಟ್ಟದ್ದು ವಾಲ್ವ್. 2015ರಲ್ಲಿ ಹಲವು ತಯಾರಕರಿಂದ ಹಲವು ಬಗೆಯ ಸ್ಟೀಮ್ ಮಷೀನುಗಳನ್ನು ಮಾಡಿಸಿ ಕೈಸುಟ್ಟುಕೊಂಡ ಕಂಪನಿ, 2022ರ ಫೆಬ್ರುವರಿಯಲ್ಲಿ ಸ್ಟೀಮ್ ಡೆಕ್ ಎಂಬ ಕೈಯಾಟದ ಯಂತ್ರ ತಂದಾಗ ಪಾಠ ಕಲಿತಿತ್ತು. ಒಂದೇ ಯಂತ್ರಾಂಶ, ಆರ್ಚ್ ಆಧರಿಸಿದ ಒಂದೇ ಸ್ಟೀಮ್‌ಒಎಸ್, ಒಂದೇ ಡೆಸ್ಕ್‌ಟಾಪ್, ಬಳಕೆದಾರ ಸುಲಭವಾಗಿ ಕೆಡಿಸಲಾಗದ ಮೂಲ ಭಾಗ, ಪ್ರತಿ ಆಟಕ್ಕೂ ಓಡುತ್ತದೋ ಇಲ್ಲವೋ ಎಂಬ ಗುರುತು. ಲಿನಕ್ಸ್ ಎಂಬ ಹೆಸರನ್ನು ಕಾಣದೆಯೇ ಲಕ್ಷಾಂತರ ಜನ ಲಿನಕ್ಸಿನಲ್ಲಿ ಆಡತೊಡಗಿದರು. ಆಟದ ಕಂಪನಿಗಳಿಗೆ ಪರೀಕ್ಷೆ ಮಾಡಲು ಒಂದು ನಿಶ್ಚಿತ ಗುರಿ ಸಿಕ್ಕಿತು. 2025ರಲ್ಲಿ ಲೆನೊವೊ ಲೀಜನ್ ಗೋ ಎಸ್ ಯಂತ್ರವೂ ಸ್ಟೀಮ್‌ಒಎಸ್ ಜೊತೆ ಮಾರಾಟಕ್ಕೆ ಬಂತು. ಭಾರತದಲ್ಲಿ ವಾಲ್ವ್ ಸ್ಟೀಮ್ ಡೆಕ್ಕನ್ನು ಅಧಿಕೃತವಾಗಿ ಮಾರಾಟಕ್ಕೆ ತಂದಿಲ್ಲ. ಬೇಕೆನ್ನುವವರು ವಿದೇಶದಿಂದ ತರಿಸಿದ್ದನ್ನು, ವಾರಂಟಿಯ ಆಸೆ ಬಿಟ್ಟು, ಹೆಚ್ಚಿನ ಬೆಲೆಗೆ ಕೊಳ್ಳುತ್ತಾರೆ. ಇಲ್ಲಿ 2023ರಿಂದ ಅಂಗಡಿಯಲ್ಲಿ ಸಿಗುತ್ತಿರುವ ಅಸುಸ್‌ನ ರಾಗ್ ಅಲೈ ಬರುವುದು ವಿಂಡೋಸಿನೊಂದಿಗೆ. ತಣಿಸಂದ್ರದ ಆಟಗಾರನಿಗೆ ಲಿನಕ್ಸಿನಲ್ಲೇ ಆಡಬೇಕೆನ್ನಿಸಿದರೆ ಸದ್ಯ ಉಳಿದಿರುವ ದಾರಿ, ಇದ್ದ ಪಿಸಿಗೆ ಬಝೈಟೋ ಮಿಂಟೋ ಫೆಡೋರಾವೋ ಎಂದು ಆರಿಸುತ್ತ ಕೂರುವುದೇ.